ಕಹಳೆ ನಿಲ್ಲದ ಶನಿವಾರ

2005ರ ಫೆಬ್ರುವರಿ 17, ಗುರುವಾರ. ಅಂದು ಇಂಗ್ಲೆಂಡಿನಲ್ಲಿ ನಾಯಿ ಬಿಟ್ಟು ನರಿ ಕೊಲ್ಲಿಸಿದವನು ಊರಿಗೆ ದೊಡ್ಡ ಮನುಷ್ಯ. ರಾತ್ರಿ ಹನ್ನೆರಡು ಹೊಡೆದ ಮೇಲೆ ಅದೇ ಕೆಲಸ ಮಾಡಿದವನು ಅಪರಾಧಿ, 5,000 ಪೌಂಡ್‌ವರೆಗೆ ದಂಡ ತೆರಬೇಕಾದವನು. ಹಿಂದಿನ ದಿನವಷ್ಟೇ ಲಂಡನ್ನಿನ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಅರ್ಜಿಯನ್ನು ತಳ್ಳಿಹಾಕಿತ್ತು. ಆ ಗುರುವಾರ ಹಳ್ಳಿಹಳ್ಳಿಯಲ್ಲಿ ಕುದುರೆ ಏರಿ ಹೊರಟವರು ಕಡೆಯ ಸಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಶುಕ್ರವಾರ ಕಾನೂನು ಜಾರಿಗೆ ಬಂತು. ಶನಿವಾರ ಬೆಳಗಾದರೆ 250ಕ್ಕೂ ಹೆಚ್ಚು ಹಂಟ್‌ಗಳು, ಅಂದರೆ ಬೇಟೆ ತಂಡಗಳು, ಅದೇ ಕೆಂಪು ಕೋಟು, ಅದೇ ಕಹಳೆ, ಅದೇ ನಾಯಿಗಳೊಂದಿಗೆ ಮತ್ತೆ ಬಯಲಿಗೆ ಇಳಿದಿದ್ದವು. ನೋಡಲು ಬಂದ ಜನ ಎಂದಿಗಿಂತ ಹೆಚ್ಚು.

ಏಳು ವರ್ಷ ಪಾರ್ಲಿಮೆಂಟು ಗುದ್ದಾಡಿ ತಂದ ಕಾನೂನು ಒಂದೇ ವಾರಾಂತ್ಯದಲ್ಲಿ ಹೀಗೆ ಹಾಸ್ಯಕ್ಕೆ ಈಡಾದದ್ದು ಹೇಗೆ? ಇದು ನರಿಯ ಕಥೆ ಎಂದುಕೊಂಡು ಓದಿದರೆ ಉತ್ತರ ಸಿಗುವುದಿಲ್ಲ. ಯಾರ ಹೊಲದ ಮೇಲೆ ಯಾರು ಕುದುರೆ ಓಡಿಸಬಹುದು ಎಂಬ ಜಗಳದ ಕಥೆ ಎಂದು ಓದಬೇಕು.

ಮೊದಲು ನರಿಯ ವಿಷಯ. ನಾವು ನರಿ ಎಂದು ಸಾಮಾನ್ಯವಾಗಿ ಕರೆಯುವುದು, ಕಬ್ಬಿನ ಗದ್ದೆಯ ಅಂಚಿನಲ್ಲಿ ಸಂಜೆ ಊಳಿಡುವ ಪ್ರಾಣಿಯನ್ನು. ಇಂಗ್ಲೆಂಡಿನದು ಬೇರೆ ಜಾತಿ. ಅದಕ್ಕಿಂತ ಚಿಕ್ಕದು, ಮೈ ಕೆಂಪು, ಬಾಲ ಪೊದೆಯಂತೆ ದಪ್ಪ, ಹಿಂಡು ಕಟ್ಟದೆ ಬೇಟೆಯಾಡುವಂಥದು. ಎದ್ದ ಕೂಡಲೇ ನರಿ ಮುಖ ನೋಡಿದರೆ ಅದೃಷ್ಟ ಎನ್ನುವುದು ನಮ್ಮ ಮಾತು. ಅಲ್ಲಿನ ದೊಡ್ಡ ಮನೆಗಳಲ್ಲಿ ಸತ್ತ ನರಿಯ ಮುಖಕ್ಕೆ ಹೊಟ್ಟು ತುಂಬಿ, ದಿನಾಂಕ ಬರೆದು, ಗೋಡೆಗೆ ಹೊಡೆಯುತ್ತಿದ್ದರು. ಬಾಲ ಆ ದಿನ ಮುಂದೆ ಇದ್ದ ಸವಾರನಿಗೆ ಅಥವಾ ಸವಾರಳಿಗೆ ಸಲ್ಲುತ್ತಿತ್ತು. ಮೊದಲ ಸಲ ಬೇಟೆಗೆ ಬಂದ ಮಕ್ಕಳ ಕೆನ್ನೆಗೆ ನರಿಯ ರಕ್ತ ಬಳಿಯುವ ಶಾಸ್ತ್ರವೂ ಇತ್ತು. ಮಾಂಸ ಮಾತ್ರ ಯಾರಿಗೂ ಬೇಡ, ಅದು ನಾಯಿಗಳ ಪಾಲು. ಕೊಡಗಿನಲ್ಲೋ ಮಲೆನಾಡಿನಲ್ಲೋ ಹಂದಿ ಬೇಟೆಗೆ ಹೋದವರಿಗೆ ಇದು ವಿಚಿತ್ರವಾಗಿ ಕಂಡೀತು. ನಮ್ಮಲ್ಲಿ ಬೇಟೆ ಎಂದರೆ ಪಾಲು: ಗುಂಡು ಹೊಡೆದವನಿಗೆ ಇಷ್ಟು, ಸೋವಿದವನಿಗೆ ಇಷ್ಟು. ತಿನ್ನದ ಪ್ರಾಣಿಯನ್ನು ಮೂವತ್ತು ನಾಯಿ, ನೂರು ಕುದುರೆ ಕಟ್ಟಿಕೊಂಡು ಮೈಲಿಗಟ್ಟಲೆ ಅಟ್ಟುವುದರಲ್ಲಿ ಸುಖ ಎಲ್ಲಿದೆ ಎಂಬುದನ್ನು ತಿಳಿಯಲು ನಿಷೇಧಕ್ಕೆ ಮುಂಚಿನ ಚಳಿಗಾಲದ ಒಂದು ಬೇಟೆಯ ದಿನವನ್ನು ಹಿಂದಿನ ರಾತ್ರಿಯಿಂದಲೇ ನೋಡಬೇಕು.

ಶುಕ್ರವಾರ ಕತ್ತಲಾದ ಮೇಲೆ ಒಬ್ಬ ಮನುಷ್ಯ ಲಾಟೀನು, ಗುದ್ದಲಿ ಹಿಡಿದು ಹೊಲಗಳ ಅಂಚಿನಲ್ಲಿ ನಡೆದು ಹೋಗುತ್ತಾನೆ. ನರಿ ರಾತ್ರಿ ಮೇವಿಗೆ ಹೊರಗೆ ಹೋಗಿರುವಾಗ ಅದರ ಬಿಲದ ಬಾಯಿಗೆ ಮಣ್ಣು, ಸೌದೆ ತುರುಕಿ ಮುಚ್ಚುವುದು ಅವನ ಕೂಲಿ ಕೆಲಸ. ಬೆಳಗಿನ ಜಾವ ಹೊಟ್ಟೆ ತುಂಬಿಸಿಕೊಂಡು ಬಂದ ನರಿಗೆ ಮನೆಯ ಬಾಗಿಲು ಮುಚ್ಚಿರುತ್ತದೆ. ಅದು ಹತ್ತಿರದ ಪೊದೆಯಲ್ಲೋ ತೋಪಿನಲ್ಲೋ ಮುದುಡಿ ಮಲಗುತ್ತದೆ. ಬೇಟೆಯ ಬಗ್ಗೆ ಬಂದ ಸೊಗಸಾದ ವರ್ಣಚಿತ್ರಗಳಲ್ಲಿ ಈ ಲಾಟೀನಿನವನು ಅಪರೂಪ. ಆದರೆ ಅವನಿಲ್ಲದೆ ಇದ್ದರೆ ಆಟ ಹತ್ತು ನಿಮಿಷದಲ್ಲಿ ಬಿಲದೊಳಗೆ ಮುಗಿಯುತ್ತಿತ್ತು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹಳ್ಳಿಯ ಪಬ್ಬಿನ ಮುಂದೆ ಅಥವಾ ಜಮೀನ್ದಾರನ ಅಂಗಳದಲ್ಲಿ ಎಲ್ಲರೂ ಸೇರುತ್ತಾರೆ. ಕುದುರೆಯ ಮೇಲೆ ಕುಳಿತವರಿಗೆ ತಟ್ಟೆಯಲ್ಲಿ ಪೋರ್ಟ್ ವೈನಿನ ಪುಟ್ಟ ಲೋಟಗಳು ಬರುತ್ತವೆ. ಕಣ್ಣಿಗೆ ಹೊಡೆಯುವ ಕೆಂಪು ಕೋಟನ್ನು ಅವರು ‘ಪಿಂಕ್’ ಎನ್ನುತ್ತಾರೆ, ಕೆಂಪು ಎಂದವನು ಹೊರಗಿನವನು. ಹಾಗೆಯೇ ನಾಯಿಯನ್ನು ನಾಯಿ ಎನ್ನುವಂತಿಲ್ಲ, ‘ಹೌಂಡ್’ ಎನ್ನಬೇಕು. ನಮ್ಮಲ್ಲಿ ಎತ್ತುಗಳನ್ನು ಹೇಳುವಂತೆ ಹೌಂಡ್‌ಗಳದ್ದೂ ಜೋಡಿ ಲೆಕ್ಕ. ಹದಿನೇಳೂವರೆ ಜೋಡಿ ಎಂದರೆ ಮೂವತ್ತೈದು. ಇಡೀ ಹಂಟಿನ ಯಜಮಾನ ‘ಮಾಸ್ಟರ್’. ನಾಯಿಗಳನ್ನು ಹೆಸರು ಹಿಡಿದು ಕರೆದು ನಡೆಸುವ ‘ಹಂಟ್ಸ್‌ಮನ್’ ಬಹುತೇಕ ಸಂಬಳದವನು, ಅವನ ಕೈಯಲ್ಲಿ ಗೇಣುದ್ದದ ತಾಮ್ರದ ಕಹಳೆ. ಗುಂಪು ಬಿಟ್ಟು ಹೋದ ನಾಯಿಗಳನ್ನು ತಿರುಗಿಸಿ ತರುವವನು ‘ವಿಪ್ಪರ್-ಇನ್’. ಪಾರ್ಲಿಮೆಂಟಿನಲ್ಲಿ, ನಮ್ಮ ವಿಧಾನಸಭೆಯಲ್ಲಿ ಸದಸ್ಯರನ್ನು ಮತಕ್ಕೆ ಅಟ್ಟಿಕೊಂಡು ಬರುವವನಿಗೆ ‘ವಿಪ್’ ಎಂಬ ಹೆಸರು ಬಂದದ್ದು ಈ ಚಾಟಿಯವನಿಂದಲೇ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಂಗಾಮು. ಹೊಲದಲ್ಲಿ ಪೈರು ಎದ್ದಿರುವುದಿಲ್ಲ, ಬೇಲಿಯ ಎಲೆ ಉದುರಿರುತ್ತದೆ. ಆದರೆ ಚಳಿ ಹದವಾಗಿರಬೇಕು. ನೆಲ ಹೆಪ್ಪುಗಟ್ಟಿದರೆ ಕುದುರೆಯ ಕಾಲು ಮುರಿಯುತ್ತದೆಂದು ಬೇಟೆ ರದ್ದು. ತುಸು ತೇವ, ಗಾಳಿಯಿಲ್ಲದ ಬೂದು ಹಗಲಾದರೆ ನರಿಯ ವಾಸನೆ ಹುಲ್ಲಿನ ಮೇಲೆ ತಂಗಿ ನಿಲ್ಲುತ್ತದೆ. ಬಿಸಿಲು ಚೆನ್ನಾಗಿದ್ದ ದಿನ ಮನುಷ್ಯರಿಗೆ ಹಬ್ಬ, ನಾಯಿಗಳಿಗೆ ಪೇಚಾಟ. ನಾಯಿಗಳು ಪೊದೆಯೊಳಗೆ ನುಗ್ಗುತ್ತವೆ. ಒಂದು ಕುಂಯ್‌ಗುಟ್ಟುತ್ತದೆ, ಇನ್ನೊಂದು ದನಿಗೂಡಿಸುತ್ತದೆ, ನೋಡನೋಡುತ್ತಿದ್ದಂತೆ ಮೂವತ್ತೈದು ಗಂಟಲು ಒಟ್ಟಿಗೆ ಕೂಗುತ್ತವೆ. ಪೊದೆಯ ಆಚೆ ಬದಿಯಲ್ಲಿ ಕೆಂಪಗಿನದೇನೋ ಹಳ್ಳ ದಾಟುತ್ತದೆ. ಅಲ್ಲಿಂದ ಮುಂದೆ ಬೇಲಿ, ಕಂದಕ, ಕೆಸರು, ಬಿದ್ದ ಟೋಪಿ, ಮುರಿದ ಕತ್ತಿನೆಲುಬು. ಹಿಂದೆ ಬರುವ ಸವಾರರಲ್ಲಿ ಹೆಚ್ಚಿನವರಿಗೆ ದಿನವಿಡೀ ನರಿಯೇ ಕಾಣುವುದಿಲ್ಲ. ಸುಖವಿದ್ದದ್ದು ಓಟದಲ್ಲಿ. ನರಿ ಆ ಓಟಕ್ಕೆ ದಿಕ್ಕು ತೋರಿಸುವ ಪ್ರಾಣಿ, ಅಷ್ಟೇ. ಕೊನೆಗೆ ನಾಯಿಗಳು ಅದನ್ನು ಹಿಡಿದು ಹರಿಯುತ್ತವೆ, ಇಲ್ಲವೇ ಅದು ಯಾವುದೋ ಬಿಲ ಸೇರುತ್ತದೆ, ಆಗ ಟೆರಿಯರ್ ಎಂಬ ಗಿಡ್ಡ ನಾಯಿಯನ್ನು ಒಳಗೆ ಬಿಟ್ಟು ನೆಲ ಅಗೆಯುತ್ತಾರೆ. ಅಗೆಯುವ ಹೊತ್ತಿಗೆ ಕುದುರೆಯವರು ಬಹುಪಾಲು ಅಲ್ಲಿ ಇರುವುದಿಲ್ಲ.

ಈ ಓಟ ಅನಾದಿ ಕಾಲದ್ದಲ್ಲ. ಹಿಂದೆ ರಾಜರು, ದೊರೆಗಳು ಆಡುತ್ತಿದ್ದದ್ದು ಜಿಂಕೆ ಬೇಟೆ. ನರಿ ಆಗ ಬರೀ ಕೋಳಿಕಳ್ಳ. ಎಲಿಜಬೆತ್ ರಾಣಿಯ ಕಾಲದ 1566ರ ಕಾನೂನು ನರಿಯ ತಲೆ ತಂದವರಿಗೆ 12 ಪೆನ್ನಿ ಕೊಡಬೇಕೆಂದು ಪ್ರತಿ ಊರಿನ ಚರ್ಚಿಗೆ ವಿಧಿಸಿತ್ತು. ಹದಿನೇಳನೇ ಶತಮಾನದ ಅಂತರ್ಯುದ್ಧದಲ್ಲಿ ಜಿಂಕೆವನಗಳ ಬೇಲಿ ಕಿತ್ತುಹೋಗಿ ಜಿಂಕೆ ಕಡಿಮೆಯಾದ ಮೇಲೆ ಶ್ರೀಮಂತರ ಕಣ್ಣು ಈ ಕಳ್ಳನ ಮೇಲೆ ಬಿತ್ತು. ಆಗಲೂ ಬೆಳಕು ಹರಿಯುವ ಮೊದಲೇ ಹೊರಟು, ಹೊಟ್ಟೆ ಭಾರವಾದ ನರಿಯನ್ನು ನಿಧಾನದ ನಾಯಿಗಳಿಂದ ದಣಿಸುವುದಷ್ಟೇ ಆಟವಾಗಿತ್ತು.

ಅದಕ್ಕೆ ವೇಗ ಕೊಟ್ಟವನು ಹ್ಯೂಗೋ ಮೇನೆಲ್. ಲೆಸ್ಟರ್‌ಶೈರ್‌ನ ಕ್ವಾರ್ನ್ ಎಂಬ ಊರಿನಲ್ಲಿ ನೆಲೆಸಿ, 1753ರಲ್ಲಿ ತನ್ನ ಹದಿನೆಂಟನೇ ವಯಸ್ಸಿಗೆ ಮಾಸ್ಟರ್ ಆದವನು 1800ರವರೆಗೆ ಕೆಳಗಿಳಿಯಲಿಲ್ಲ. ಅದೇ ಸೀಮೆಯ ಡಿಷ್ಲಿಯಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಕುರಿಯ ತಳಿಯನ್ನು ಆರಿಸಿ, ಕೂಡಿಸಿ, ಬೇಕಾದ ಮೈಕಟ್ಟಿಗೆ ತರುತ್ತಿದ್ದ ಕಾಲ ಅದು. ಕುರಿಯಲ್ಲಿ ಮಾಂಸ ಹೆಚ್ಚಿಸಿದ ಆ ಲೆಕ್ಕಾಚಾರವೇ ಮೇನೆಲ್‌ನ ನಾಯಿಗಳಲ್ಲಿ ಮೂಗು, ಕಾಲು ಎರಡನ್ನೂ ಒಟ್ಟಿಗೆ ತಂದಿತು. ನಾಯಿ ವೇಗವಾಯಿತು, ಕುದುರೆ ವೇಗವಾಗಬೇಕಾಯಿತು, ಬೆಳಗಿನ ಬೇಟೆ ಹನ್ನೊಂದು ಗಂಟೆಗೆ ಸರಿಯಿತು. ತಡವಾಗಿ ಏಳುವ ನಗರದ ಶ್ರೀಮಂತರಿಗೆ ಇದು ಬಹಳ ಅನುಕೂಲವಾಯಿತು ಎಂಬುದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ.

ಅದೇ ಹೊತ್ತಿಗೆ ಊರೊಟ್ಟಿನ ಬಯಲುಗಳಿಗೆ ಬೇಲಿ ಬೀಳುತ್ತಿತ್ತು. ಪಾರ್ಲಿಮೆಂಟಿನ ಒಂದೊಂದು ಕಾನೂನಿಗೂ ಒಂದೊಂದು ಹಳ್ಳಿಯ ಗೋಮಾಳ ಖಾಸಗಿಯಾಯಿತು. ಬಡವರ ಹಸು ನಿಂತಿದ್ದ ಜಾಗದಲ್ಲಿ ಮುಳ್ಳುಬೇಲಿ, ಬೇಲಿಯಾಚೆ ಹುಲ್ಲುಗಾವಲು. ಗೋಮಾಳ ಕಳೆದುಕೊಂಡವನಿಗೆ ಅದು ಗೋಡೆಯಾಗಿತ್ತು. ಕುದುರೆಯ ಮೇಲಿದ್ದವನಿಗೆ ಅದೇ ಹಾರುವ ಮೋಜು. ಮೆಲ್ಟನ್ ಮೌಬ್ರೆ ಎಂಬ ಸಣ್ಣ ಪೇಟೆಯ ಸುತ್ತ ಕ್ವಾರ್ನ್, ಬೀವರ್, ಕಾಟ್ಸ್‌ಮೋರ್ ಎಂಬ ಮೂರು ಹಂಟ್‌ಗಳ ಸೀಮೆ ಕೂಡುತ್ತಿದ್ದುದರಿಂದ ಅಲ್ಲಿ ಮನೆ ಮಾಡಿದವನು ಭಾನುವಾರ ಬಿಟ್ಟು ವಾರವಿಡೀ ಬೇಟೆಯಾಡಬಹುದಿತ್ತು. ಚಳಿಗಾಲ ಬಂದರೆ ಪೇಟೆಯ ಲಾಯಗಳಲ್ಲಿ ನೂರಾರು ಕುದುರೆ. 1837ರಲ್ಲಿ ವಾಟರ್‌ಫರ್ಡ್‌ನ ಮಾರ್ಕ್ವಿಸ್ ಎಂಬ ಪುಂಡ ದೊರೆ ಗೆಳೆಯರೊಂದಿಗೆ ಕುಡಿದು ಬಂದು ಆ ಪೇಟೆಯ ಸುಂಕದ ಕಟ್ಟೆ, ಮನೆ ಬಾಗಿಲುಗಳಿಗೆಲ್ಲ ಕೆಂಪು ಬಣ್ಣ ಬಳಿದು ದಂಡ ಕಟ್ಟಿದ.

ಇಷ್ಟು ಕುದುರೆ ಓಡಿದ್ದು ಯಾರ ಹೊಲದ ಮೇಲೆ? 1786ರಲ್ಲಿ ಇಂಥದೊಂದು ಮೊಕದ್ದಮೆ ಕೋರ್ಟಿಗೆ ಬಂದಾಗ, ನರಿ ಪೀಡೆಯ ಪ್ರಾಣಿ, ಅದನ್ನು ಕೊಲ್ಲುವುದು ಸಾರ್ವಜನಿಕ ಹಿತ, ಆದ್ದರಿಂದ ಅಟ್ಟಿಕೊಂಡು ಬಂದವನು ಇನ್ನೊಬ್ಬನ ಜಮೀನಿಗೆ ಕಾಲಿಡಬಹುದು ಎಂದು ನ್ಯಾಯಾಧೀಶರು ಹೇಳಿದರು. ಬೇಟೆಗಾರರು ಆ ತೀರ್ಪಿನ ಮೇಲೆ ಇಪ್ಪತ್ತಮೂರು ವರ್ಷ ಕುದುರೆ ಓಡಿಸಿದರು. 1809ರಲ್ಲಿ ಎಸೆಕ್ಸ್‌ನ ಅರ್ಲ್ ತನ್ನ ತೋಟಕ್ಕೆ ನುಗ್ಗಿದ ಬೇಟೆಗಾರನ ಮೇಲೆ ದಾವೆ ಹೂಡಿದ. ಆ ಬೇಟೆಗಾರ ಅವನ ಸೋದರನೇ ಆದ ಒಬ್ಬ ಪಾದ್ರಿ. ದಾಯಾದಿ ಕಲಹ ನಿಜ ಹೊರಗೆಳೆಯಿತು: ನೀವು ಬರುವುದು ಪೀಡೆ ನಿವಾರಣೆಗಲ್ಲ, ಮೋಜಿಗೆ, ಮೋಜಿಗೆ ಬರುವವನು ಒಡೆಯನ ಅಪ್ಪಣೆ ಪಡೆಯಬೇಕು ಎಂಬ ಅರ್ಥದ ತೀರ್ಪು ಬಂತು. ಅಲ್ಲಿಂದ ಮುಂದೆ ಹಂಟ್‌ಗಳಿಗೆ ಭೂಮಿಯ ಯಜಮಾನರ ದಾಕ್ಷಿಣ್ಯ ಬೇಕಾಯಿತು. ಯಜಮಾನರು ಹೇಗೂ ಸವಾರರಲ್ಲಿ ಒಬ್ಬರು. ಗೇಣಿದಾರನ ಪಾಡು ಬೇರೆ. ಒಡೆಯ ಕೆಂಪು ಕೋಟು ತೊಟ್ಟು ಬೇಲಿ ಮುರಿದುಕೊಂಡು ಬಂದರೆ ಅವನು ಟೋಪಿ ತೆಗೆದು ಬಾಗಿಲು ತೆರೆಯುತ್ತಿದ್ದ. ಹಂಟಿನ ಮರಿನಾಯಿಗಳನ್ನು ತನ್ನ ಅಂಗಳದಲ್ಲಿ ಸಾಕಿ ದೊಡ್ಡದು ಮಾಡಿ ಕೊಡುತ್ತಿದ್ದ. ನರಿ ಹಿಡಿದ ಕೋಳಿಗೆ ಹೆಂಡತಿ ಪರಿಹಾರ ಕೇಳಿದರೆ ಹಂಟಿನ ಕೋಳಿ ನಿಧಿಯಿಂದ ಚಿಲ್ಲರೆ ಬರುತ್ತಿತ್ತು. ಅವನು ಮಾಡಬಾರದ ಒಂದೇ ಕೆಲಸವೆಂದರೆ ನರಿಗೆ ತಾನೇ ಗುಂಡು ಹೊಡೆಯುವುದು. ಆ ಪಾಪಕ್ಕೆ ಲ್ಯಾಟಿನ್ನಿನಿಂದ ಒಂದು ದೊಡ್ಡ ಹೆಸರನ್ನೇ ಕಟ್ಟಿದ್ದರು, ‘ವಲ್ಪಿಸೈಡ್’, ಪಿತೃಹತ್ಯೆ ಎಂಬಂತೆ.

ಪೀಡೆಯನ್ನು ಕೊಲ್ಲುತ್ತೇವೆ ಎಂದವರು ಪೀಡೆ ಕಡಿಮೆಯಾದಾಗ ಏನು ಮಾಡಿದರು? ಹೊರದೇಶದಿಂದ ತರಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನ ಲೆಡನ್‌ಹಾಲ್ ಮಾರುಕಟ್ಟೆಯಲ್ಲಿ ಯುರೋಪಿನಿಂದ ಹಡಗಿನಲ್ಲಿ ಬಂದ ಜೀವಂತ ನರಿಗಳು ಮಾರಾಟಕ್ಕಿದ್ದವು. ಹಂಟ್‌ಗಳು ನರಿ ಅಡಗಲೆಂದೇ ಮುಳ್ಳುಪೊದೆ ನೆಟ್ಟವು, ನರಿ ಮರಿ ಹಾಕಲೆಂದೇ ಕೊಳವೆಯ ಬಿಲ ಕಟ್ಟಿಸಿದವು. ಇಂದಿಗೂ ಆ ಸೀಮೆಯ ನಕಾಶೆಯಲ್ಲಿ ಬೋಳು ಹುಲ್ಲುಗಾವಲಿನ ನಡುವೆ ಒಂಟಿ ಪುಟ್ಟ ತೋಪು ಕಂಡರೆ ಅದನ್ನು ನರಿಗಾಗಿ ನೆಟ್ಟಿರುವ ಸಾಧ್ಯತೆ ಉಂಟು.

ಈ ಹುಚ್ಚು ನಮ್ಮ ನೆರೆಗೂ ಬಂದಿತ್ತು. ಮೈಸೂರು, ಗುಂಡ್ಲುಪೇಟೆ, ಗೂಡಲೂರು ಹಾದಿಯಲ್ಲಿ ಊಟಿಗೆ ಹೋಗುವ ಕನ್ನಡಿಗರು ಪೈಕಾರ ದಾಟಿ ‘ಶೂಟಿಂಗ್ ಸ್ಪಾಟ್’ ಎಂದು ಇಳಿದು ಫೋಟೊ ತೆಗೆಸಿಕೊಳ್ಳುವ ಹಸಿರು ದಿಬ್ಬಗಳು ವೆನ್‌ಲಾಕ್ ಡೌನ್ಸ್. ಮದರಾಸಿನ ಗವರ್ನರನೊಬ್ಬನ ಹೆಸರು ಅದಕ್ಕೆ. ತೋಡರ ಎಮ್ಮೆಗಳು ಮೇಯುತ್ತಿದ್ದ ಆ ಹುಲ್ಲಿನ ಮೇಲೆ ಬ್ರಿಟಿಷ್ ಅಧಿಕಾರಿಗಳು ಇಂಗ್ಲೆಂಡಿನಿಂದ ಹೌಂಡ್ ತರಿಸಿ, ಕೆಂಪು ಕೋಟು ತೊಟ್ಟು, ಕಹಳೆ ಊದಿ ಬೇಟೆಯಾಡಿದರು. ಕೆಂಪು ನರಿ ಇಲ್ಲದ ಕಾರಣ ನಮ್ಮ ಊಳಿಡುವ ನರಿಯೇ ಓಡಬೇಕಾಯಿತು. ಹಾರಲು ಬೇಲಿಯೂ ಇರಲಿಲ್ಲ, ಬದಲಿಗೆ ಕುದುರೆಯನ್ನು ಹೊಟ್ಟೆಯವರೆಗೆ ನುಂಗುವ ಜೌಗು.

ಇಂಗ್ಲೆಂಡಿನಲ್ಲಿ ತಕರಾರು ಎದ್ದದ್ದು ನಿಧಾನವಾಗಿ. 1869ರಲ್ಲಿ ಇತಿಹಾಸಕಾರ ಎಡ್ವರ್ಡ್ ಫ್ರೀಮನ್ ಪತ್ರಿಕೆಯೊಂದರಲ್ಲಿ ಬೇಟೆಯ ನೀತಿಯನ್ನು ಪ್ರಶ್ನಿಸಿದ, ಬೇಟೆಯ ಗೀಳಿದ್ದ ಕಾದಂಬರಿಕಾರ ಆಂಥನಿ ಟ್ರಾಲಪ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟ. 1924ರಲ್ಲಿ ಕ್ರೂರ ಕ್ರೀಡೆಗಳ ವಿರುದ್ಧ ಒಂದು ಸಂಘ ಹುಟ್ಟಿತು. 1949ರಲ್ಲಿ ಪಾರ್ಲಿಮೆಂಟಿಗೆ ಬಂದ ಮಸೂದೆಗಳು ಬಿದ್ದುಹೋದವು. ಯುದ್ಧಾನಂತರದ ಲೇಬರ್ ಸರ್ಕಾರಕ್ಕೆ ರೈತರನ್ನು ಎದುರು ಹಾಕಿಕೊಳ್ಳುವುದು ಬೇಕಿರಲಿಲ್ಲ. 1963ರಲ್ಲಿ ಡೆವನ್‌ನ ಬ್ರಿಕ್ಸ್‌ಹ್ಯಾಮ್‌ನಲ್ಲಿ ಒಬ್ಬ ಯುವ ಪತ್ರಕರ್ತ ‘ಬೇಟೆ ಕೆಡಿಸುವವರ’ ತಂಡ ಕಟ್ಟಿದ. ಇವರು ಭಾಷಣ ಮಾಡಲಿಲ್ಲ, ಬಯಲಿಗೇ ಬಂದು ಸುಳ್ಳು ಕಹಳೆ ಊದಿ ನಾಯಿಗಳನ್ನು ದಾರಿ ತಪ್ಪಿಸಿದರು. ಅಲ್ಲಿಂದ ಮುಂದೆ ಚಳಿಗಾಲದ ಶನಿವಾರ ಎಂದರೆ ಬಡಿದಾಟ, ಪೊಲೀಸ್ ವ್ಯಾನು.

ಬೇಟೆಗಾರರೆಲ್ಲ ಶ್ರೀಮಂತರು ಎಂಬ ಚಿತ್ರ ಪೂರ್ತಿ ನಿಜವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ವೇಲ್ಸ್‌ನ ಬ್ಯಾನ್‌ವೆನ್‌ನಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕರೇ ಒಂದು ಹಂಟ್ ನಡೆಸುತ್ತಿದ್ದರು. ಉತ್ತರದ ಕಂಬ್ರಿಯಾ ಬೆಟ್ಟಗಳಲ್ಲಿ ಕುದುರೆಯೇ ಇಲ್ಲ. ಕುರಿಮರಿ ಕಳೆದುಕೊಂಡ ಕುರುಬ ಕರೆದರೆ ನಾಯಿ ಬಿಟ್ಟುಕೊಂಡು ಕಲ್ಲುಬಂಡೆ ಹತ್ತಿ ನಡೆದೇ ಹೋಗುತ್ತಿದ್ದರು. ಆದರೆ ಲಂಡನ್ನಿನ ಸಂಸದನ ಕಣ್ಣಿಗೆ ಬೀಳುತ್ತಿದ್ದದ್ದು ಡ್ಯೂಕರ ಬೋಫರ್ಟ್ ಹಂಟ್, ಯುವರಾಜ ಚಾರ್ಲ್ಸ್. ಲೇಬರ್ ಸದಸ್ಯರಿಗೆ ಗಣಿಗಳು ಮುಚ್ಚಿಹೋದ 1980ರ ದಶಕ ಮರೆತಿರಲಿಲ್ಲ. ಇದು ವರ್ಗಸಮರವೇ ಹೌದು ಎಂದು ಅವರಲ್ಲೊಬ್ಬರು ಪತ್ರಿಕೆಯಲ್ಲಿ ಬರೆದೂ ಬಿಟ್ಟರು.

1997ರಲ್ಲಿ ಲೇಬರ್ ಪಕ್ಷದ ಟೋನಿ ಬ್ಲೇರ್ ಗೆದ್ದ ಕೂಡಲೇ ವೂಸ್ಟರ್‌ನ ಸಂಸದ ಮೈಕೆಲ್ ಫಾಸ್ಟರ್ ಖಾಸಗಿ ಮಸೂದೆ ತಂದರು. 411 ಪರ, 151 ವಿರುದ್ಧ, ಆದರೂ ವಿರೋಧಿಗಳು ಮಾತಾಡಿ ಮಾತಾಡಿ ಹೊತ್ತು ಕಳೆದು ಅದನ್ನು ಕೊಂದರು. 1998ರ ಮಾರ್ಚ್‌ನಲ್ಲಿ ಎರಡೂವರೆ ಲಕ್ಷ ಹಳ್ಳಿಗರು ಲಂಡನ್ನಿನಲ್ಲಿ ಪ್ರತಿಭಟನೆಯ ಮೆರವಣಿಗೆ ನಡೆಸಿದರು, 2002ರ ಸೆಪ್ಟೆಂಬರ್ 22ರಂದು ನಾಲ್ಕು ಲಕ್ಷ. ನಡುವೆ ಸರ್ಕಾರ ಲಾರ್ಡ್ ಬರ್ನ್ಸ್ ಎಂಬ ಹಳೆಯ ಹಣಕಾಸು ಅಧಿಕಾರಿಯನ್ನು ವಿಚಾರಣೆಗೆ ನೇಮಿಸಿತು. 2000ನೇ ಇಸವಿಯ ಅವರ ವರದಿ ಹಂಟ್‌ಗಳು ವರ್ಷಕ್ಕೆ 21,000ದಿಂದ 25,000 ನರಿ ಕೊಲ್ಲುತ್ತವೆ ಎಂದು ಅಂದಾಜಿಸಿ, 6,000ದಿಂದ 8,000 ಉದ್ಯೋಗ ಇದನ್ನು ನಂಬಿವೆ ಎಂದು ಲೆಕ್ಕ ಕೊಟ್ಟಿತು. ಬೇಟೆಯಿಂದ ನರಿಯ ಹಿತಕ್ಕೆ ಗಂಭೀರ ಧಕ್ಕೆಯಾಗುತ್ತದೆ ಎಂದಿತು, ಕ್ರೌರ್ಯ ಎಂದು ತೀರ್ಪು ಕೊಡಲು ಹೋಗಲಿಲ್ಲ. ಎರಡೂ ಕಡೆಯವರು ತಾವೇ ಗೆದ್ದೆವೆಂದರು.

ಮರುವರ್ಷ ಕಾಲುಬಾಯಿ ರೋಗ ಬಂದು ಸುಮಾರು ಹತ್ತು ತಿಂಗಳು ಬೇಟೆ ತಾನಾಗಿ ನಿಂತಿತು. ಬೇಟೆ ನಿಂತರೆ ನರಿ ಮಿತಿಮೀರುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ. ಬ್ರಿಸ್ಟಲ್‌ನ ವಿಜ್ಞಾನಿಗಳು ಎಣಿಸಿ ನೋಡಿದರು, ಹೆಚ್ಚಳ ಕಾಣಲಿಲ್ಲ. 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂದಾಗ ಓದಿ ಮನಸ್ಸು ಬದಲಿಸಿದವರು ಯಾರೂ ಇದ್ದಂತಿಲ್ಲ. ವಾದ ನರಿಯ ಸಂಖ್ಯೆಯನ್ನು ದಾಟಿ ಎಷ್ಟೋ ದೂರ ಹೋಗಿತ್ತು.

2004ರ ಸೆಪ್ಟೆಂಬರ್ 15ರಂದು ಕಾಮನ್ಸ್ ಸಭೆ 356 ಮತಗಳಿಂದ ನಿಷೇಧಕ್ಕೆ ಒಪ್ಪಿತು, ವಿರುದ್ಧ 166. ಚರ್ಚೆ ನಡೆಯುತ್ತಿದ್ದಾಗಲೇ ಐವರು ಬೇಟೆಗಾರ ಯುವಕರು ಸಭೆಯ ಒಳಗೇ ನುಗ್ಗಿದರು. ಅವರಲ್ಲೊಬ್ಬ ಗಾಯಕ ಬ್ರಯನ್ ಫೆರಿಯ ಮಗ. ಮೇಲ್ಮನೆಯಾದ ಲಾರ್ಡ್ಸ್ ಸಭೆ ಮಣಿಯಲಿಲ್ಲ. ಕೊನೆಗೆ ನವೆಂಬರ್ 18ರಂದು, ಲಾರ್ಡ್ಸ್ ಒಪ್ಪಿಗೆಯನ್ನೇ ಬದಿಗಿಡುವ ಪಾರ್ಲಿಮೆಂಟ್ ಕಾನೂನನ್ನು ಪ್ರಯೋಗಿಸಿ ಮಸೂದೆಗೆ ರಾಣಿಯ ಮುದ್ರೆ ಹಾಕಿಸಿದರು. 1949ರಿಂದ ಈಚೆಗೆ ಆ ಅಸ್ತ್ರ ಹೊರಬಂದದ್ದು ಅದು ನಾಲ್ಕನೇ ಸಲ. ಯುದ್ಧಾಪರಾಧಿಗಳ ಮೇಲೆ ಒಮ್ಮೆ ಬಳಸಿದ್ದ ಅಸ್ತ್ರವನ್ನು ನರಿಗಾಗಿ ಎತ್ತಿದ್ದರು.

ಕಾನೂನಿನ ಒಳಗೆ ತೂತುಗಳಿದ್ದವು. ಎರಡೇ ನಾಯಿಗಳಿಂದ ನರಿಯನ್ನು ಪೊದೆಯಿಂದ ಎಬ್ಬಿಸಿ ಗುಂಡು ಹೊಡೆಯಬಹುದು. ಹದ್ದು, ಗೂಬೆಯಂಥ ಹಿಡಿಯುವ ಹಕ್ಕಿಯ ಬಾಯಿಗೆ ಎಬ್ಬಿಸುವುದಾದರೆ ಎಷ್ಟು ನಾಯಿ ಬೇಕಾದರೂ ಬಿಡಬಹುದು. ಇಲಿ, ಮೊಲಗಳ ಬೇಟೆಗೆ ಅಡ್ಡಿಯಿಲ್ಲ. ನರಿಯ ಮೂತ್ರದ ವಾಸನೆ ಹಚ್ಚಿದ ಬಟ್ಟೆಯನ್ನು ನೆಲದ ಮೇಲೆ ಎಳೆದು ಆ ಜಾಡಿನಲ್ಲಿ ನಾಯಿ ಓಡಿಸುವುದು ಅಪರಾಧವೇ ಅಲ್ಲ.

ಹೀಗಾಗಿ ಆ ಶನಿವಾರ, ಫೆಬ್ರುವರಿ 19ರಂದು, ಎಲ್ಲ ಹಂಟ್‌ಗಳೂ ಏನೋ ಒಂದು ಕಾನೂನುಬದ್ಧ ಕೆಲಸಕ್ಕೆ ಹೊರಟಿದ್ದವು. ಕೆಲವರು ಬಟ್ಟೆ ಎಳೆದರು. ಕೆಲವರು ಬಂದೂಕು ಹಿಡಿದರು. ಹದ್ದು ಸಾಕುವವರಿಗೆ ಒಮ್ಮೆಲೆ ಕೆಲಸ ಬಂತು. ಪೊಲೀಸರು ಗದ್ದೆಯ ಬದುವಿನಲ್ಲಿ ನಿಂತು ನೋಡಿದರು. ನಾಯಿ ನರಿಯ ಹಿಂದೆ ಓಡಿತೋ ಬಟ್ಟೆಯ ಹಿಂದೆ ಓಡಿತೋ ಎಂದು ಹೇಳಬಲ್ಲ ಪೊಲೀಸ್ ಪೇದೆ ಎಲ್ಲಿದ್ದಾನೆ? ಸಂಜೆಯ ಹೊತ್ತಿಗೆ ಸುಮಾರು 90 ನರಿಗಳು ಸತ್ತವು, ಎಲ್ಲ ಕಾನೂನಿನೊಳಗೆ ಎಂದು ಬೇಟೆಯ ಪರವಾಗಿದ್ದ ಕಂಟ್ರಿಸೈಡ್ ಅಲಯನ್ಸ್ ಲೆಕ್ಕ ಕೊಟ್ಟಿತು. ಒಂದೆರಡು ನಾಯಿ ತಪ್ಪಿ ನರಿ ಹಿಡಿದದ್ದಕ್ಕೆ ಅಪಘಾತ ಎಂದು ಹೆಸರಾಯಿತು. ಆ ಪದ ಮುಂದಿನ ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ಓಡಾಡಿತು.

2005ರ ಅಕ್ಟೋಬರ್‌ನಲ್ಲಿ ಒಂಬತ್ತು ನ್ಯಾಯಾಧೀಶ ಲಾರ್ಡ್‌ಗಳ ಪೀಠ ಬೇಟೆಗಾರರ ಮೇಲ್ಮನವಿಯನ್ನು ವಜಾ ಮಾಡಿತು. 2010ರಲ್ಲಿ ಬ್ಲೇರ್ ತಮ್ಮ ಆತ್ಮಕಥೆಯಲ್ಲಿ ಈ ನಿಷೇಧಕ್ಕೆ ಪಶ್ಚಾತ್ತಾಪ ಪಟ್ಟರು. 2017ರಲ್ಲಿ ಪ್ರಧಾನಿ ತೆರೇಸಾ ಮೇ ರದ್ದತಿಯ ಮಾತಾಡಿ ಚುನಾವಣೆಯಲ್ಲಿ ಕೈ ಸುಟ್ಟುಕೊಂಡು ಸುಮ್ಮನಾದರು. ದೊಡ್ಡ ಭೂಮಾಲೀಕ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ 2021ರಲ್ಲಿ ತನ್ನ ನೆಲದಲ್ಲಿ ಬಟ್ಟೆ ಎಳೆಯುವ ಬೇಟೆಗೂ ಅಪ್ಪಣೆ ನಿಲ್ಲಿಸಿತು. ಎಸೆಕ್ಸ್‌ನ ಅರ್ಲ್ ತನ್ನ ಸೋದರನಿಗೆ ಹೇಳಿದ್ದೂ ಅದನ್ನೇ, ನನ್ನ ಜಮೀನಿಗೆ ಬರಬೇಡ. 2024ರಲ್ಲಿ ಲೇಬರ್ ಪಕ್ಷ ತನ್ನ ಪ್ರಣಾಳಿಕೆಯಲ್ಲಿ ಬಟ್ಟೆಯ ಬೇಟೆಯನ್ನೂ ನಿಷೇಧಿಸುವ ಮಾತು ಕೊಟ್ಟಿತು.

ಈ ನಡುವೆ ನರಿ ಊರು ಸೇರಿತ್ತು. ಇಪ್ಪತ್ತನೇ ಶತಮಾನದ ನಡುವಿನಿಂದಲೇ ಅವು ಲಂಡನ್ನಿನ ಹಿತ್ತಿಲು, ರೈಲು ಹಳಿಯ ದಂಡೆ, ಸ್ಮಶಾನಗಳಲ್ಲಿ ಬಿಲ ತೋಡಿ, ಕಸದ ತೊಟ್ಟಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದವು. 2011ರ ಫೆಬ್ರುವರಿಯಲ್ಲಿ, ಲಂಡನ್ ಬ್ರಿಜ್ ಬಳಿ ಕಟ್ಟುತ್ತಿದ್ದ ‘ಶಾರ್ಡ್’ ಗೋಪುರದ 72ನೇ ಮಹಡಿಯಲ್ಲಿ ಒಂದು ನರಿ ಸಿಕ್ಕಿತು. ಮೆಟ್ಟಿಲು ಹತ್ತಿ ಹೋಗಿ, ಗಾರೆಯವರು ಬಿಟ್ಟ ಬುತ್ತಿಯ ಉಳಿಕೆ ತಿಂದುಕೊಂಡು ಇತ್ತು. ಹಿಡಿದು, ಪ್ರಾಣಿ ಆಸ್ಪತ್ರೆಗೆ ಒಯ್ದು, ಹೊಟ್ಟೆ ತುಂಬ ಉಣಿಸಿ, ರೋಮಿಯೊ ಎಂದು ಹೆಸರಿಟ್ಟು, ಒಂದು ರಾತ್ರಿ ಮತ್ತೆ ಬೀದಿಗೆ ಬಿಟ್ಟರು.